ಕಪ್ಪಾದ ಪರದೆ, ಬೆನ್ನು ಬಿರಿದ ಕಾದಂಬರಿ: ಎರಡು ರಿಪೇರಿಗಳ ದಾಖಲೆ

ಟಿವಿಯ ಪರದೆ ಕಪ್ಪಾಯಿತು, ಧ್ವನಿ ಮಾತ್ರ ಉಳಿಯಿತು. ಅದೇ ಸಮಯಕ್ಕೆ ಓದುತ್ತಿದ್ದ ಹಳೆಯ ದಪ್ಪ ಕಾದಂಬರಿಯ ಬೆನ್ನು ಬಿರಿದು ಹಾಳೆಗಳು ಒಂದೊಂದಾಗಿ ಕೈಗೆ ಬರತೊಡಗಿದವು. ಎರಡನ್ನೂ ನಾನೇ ಸರಿಪಡಿಸಿದೆ. ಯಾವ ಕ್ರಮದಲ್ಲಿ ಏನು ಮಾಡಿದೆ, ಯಾವುದು ಕೈಕೊಟ್ಟಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಧಾರಾವಾಹಿಯನ್ನು ಚಿತ್ರವಿಲ್ಲದೆ ಕೇಳಬೇಕಾಗಿ ಬಂದಾಗ, ಕಾದಂಬರಿಯನ್ನು ಬಿಡಿ ಹಾಳೆಗಳಾಗಿ ಹರಡಿಕೊಂಡು ಓದಬೇಕಾಗಿ ಬಂದಾಗ, ಅವು ಹೇಗೆ ಕಟ್ಟಲ್ಪಟ್ಟಿವೆ ಎಂಬುದು ಹಿಂದೆಂದೂ ಕಾಣದಷ್ಟು ಸ್ಪಷ್ಟವಾಗಿ ಕಂಡಿತು. ಆ ಮಾತನ್ನು ರಿಪೇರಿಯ ಮಾತಿನಿಂದ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಸಾಮಾನು

ಪುಸ್ತಕಕ್ಕೆ: ಬಿಳಿ ಪಿವಿಎ ಅಂಟು, ಒಂದು ಅಂಗುಲದ ಬ್ರಷ್, ಪುಸ್ತಕಕ್ಕಿಂತ ತುಸು ದೊಡ್ಡದಾದ ಎರಡು ಪ್ಲೈವುಡ್ ತುಂಡು, ಎರಡು ಸಿ-ಕ್ಲಾಂಪ್, 80ನೇ ನಂಬರಿನ ಉಪ್ಪು ಕಾಗದ, ಸಡಿಲ ನೇಯ್ಗೆಯ ತೆಳು ಹತ್ತಿ ಬಟ್ಟೆ, ಅಂಟು ಹಿಡಿಯದಂತೆ ನಡುವೆ ಇಡಲು ಮೇಣದ ಕಾಗದ.

ಟಿವಿಗೆ: ಸ್ಕ್ರೂಡ್ರೈವರ್, ಮಲ್ಟಿಮೀಟರ್, ಎಲ್‌ಇಡಿ ಬ್ಯಾಕ್‌ಲೈಟ್ (ಪರದೆಯನ್ನು ಹಿಂದಿನಿಂದ ಬೆಳಗುವ ದೀಪ) ಟೆಸ್ಟರ್, ತೆಳುವಾದ ಪ್ಲಾಸ್ಟಿಕ್ ಮೀಟುಪಟ್ಟಿ, ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಕೆ ಎರಡು, ಹತ್ತಿಯ ಕೈಗವಸು, ಮಾಸ್ಕಿಂಗ್ ಟೇಪ್, ಪ್ರಖರವಾದ ಟಾರ್ಚ್.

ಪುಸ್ತಕದ ಖರ್ಚು ಲೆಕ್ಕಕ್ಕೆ ಸಿಗುವಷ್ಟಿಲ್ಲ. ಟಿವಿಗೆ ಬೇಕಾದ ಎಲ್‌ಇಡಿ ಪಟ್ಟಿಗಳ ಬೆಲೆ ಹೊಸ ಟಿವಿಯ ಬೆಲೆಯಲ್ಲಿ ಒಂದು ಸಣ್ಣ ಪಾಲು. ಆದರೆ ಕೆಲಸ ಮಾಡುವಾಗ ಪ್ಯಾನೆಲ್, ಎಂದರೆ ಚಿತ್ರ ಮೂಡುವ ಗಾಜು, ಒಡೆದರೆ ಲೆಕ್ಕವೇ ತಲೆಕೆಳಗಾಗುತ್ತದೆ. ಪ್ಯಾನೆಲ್ ಒಂದರ ಬೆಲೆಯೇ ಹೊಸ ಟಿವಿಯ ಹತ್ತಿರ ಹೋಗುತ್ತದೆ.

ಹಂತ 1: ಟಾರ್ಚ್ ಹಿಡಿದು ನೋಡಿದ್ದು

32 ಅಂಗುಲದ ಎಲ್‌ಇಡಿ ಟಿವಿ. ಆನ್ ಮಾಡಿದರೆ ಒಂದು ಕ್ಷಣ ಪರದೆ ಬೆಳಗಿ ಆರಿಹೋಗುತ್ತಿತ್ತು. ಧ್ವನಿ, ರಿಮೋಟ್, ಚಾನೆಲ್ ಬದಲಾವಣೆ ಎಲ್ಲವೂ ಸರಿಯಾಗಿದ್ದವು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಪರದೆಗೆ ಹತ್ತಿರ, ಓರೆಯಾಗಿ ಹಿಡಿದೆ. ಬೆಳಕು ಬಿದ್ದಲ್ಲಿ ಮಾತ್ರ, ಅಂಗೈಯಗಲದ ಜಾಗದಲ್ಲಿ, ಮಾತಾಡುತ್ತಿರುವ ಮುಖವೊಂದು ಮಸುಕಾಗಿ ಕಂಡಿತು. ಇದು ಒಳ್ಳೆಯ ಸುದ್ದಿ. ಚಿತ್ರ ಮೂಡುತ್ತಿದೆ, ಹಿಂದಿನಿಂದ ಬೆಳಗುವ ದೀಪ ಮಾತ್ರ ಹೋಗಿದೆ ಎಂದರ್ಥ.

ಪ್ಲಗ್ ಕಿತ್ತು ಸಾಕಷ್ಟು ಹೊತ್ತು ಬಿಟ್ಟ ಮೇಲೆ ಹಿಂಬದಿಯ ಮುಚ್ಚಳ ತೆಗೆದೆ. ವಿದ್ಯುತ್ ಸರಬರಾಜಿನ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೀರಿದ ಡಿಸಿ ಉಳಿದಿರಬಹುದು. ಅಲ್ಲಿ ಮಲ್ಟಿಮೀಟರ್ ಸೊನ್ನೆಯ ಹತ್ತಿರ ತೋರಿಸುವವರೆಗೆ ಬೋರ್ಡನ್ನು ಮುಟ್ಟಬಾರದು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಬಳಿಕ ಬ್ಯಾಕ್‌ಲೈಟಿನ ತಂತಿ ಕಿತ್ತು ಟೆಸ್ಟರ್ ಕೊಟ್ಟೆ. ಏನೂ ಬೆಳಗಲಿಲ್ಲ. ಎಲ್‌ಇಡಿಗಳೆಲ್ಲ ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದು ಸತ್ತರೆ ಸಾಲೆಲ್ಲ ಆರುತ್ತದೆ. ಆನ್ ಮಾಡಿದಾಗ ಕ್ಷಣಮಾತ್ರ ಬೆಳಗುತ್ತಿದ್ದ ದೀಪ ಈಗ ಅಷ್ಟೂ ಬೆಳಗುತ್ತಿಲ್ಲವೆಂದರೆ, ಕೊನೆಯುಸಿರಿನಲ್ಲಿದ್ದ ಎಲ್‌ಇಡಿ ಪೂರ್ತಿ ಹೋಗಿದೆ.

ಇಲ್ಲಿ ಒಂದು ತಪ್ಪು ನಿರ್ಧಾರದಿಂದ ಕೆಲಸ ತಡವಾಯಿತು. ಪ್ಯಾನೆಲ್ ಎತ್ತದೆ, ಟಿವಿಯ ಹಿಂಬದಿಯ ಮಾದರಿ ಸಂಖ್ಯೆಯನ್ನಷ್ಟೇ ನೋಡಿ ಪಟ್ಟಿಗಳನ್ನು ತರಿಸಿದೆ. ಬಂದ ಪಟ್ಟಿಗಳ ಉದ್ದವೂ ಹೊಂದಲಿಲ್ಲ, ಕನೆಕ್ಟರೂ ಹೊಂದಲಿಲ್ಲ. ಒಂದೇ ಮಾದರಿ ಸಂಖ್ಯೆಯ ಟಿವಿಯೊಳಗೆ ಬೇರೆ ಬೇರೆ ಪ್ಯಾನೆಲ್ ಇರುವುದು ಸಾಮಾನ್ಯ. ಪಟ್ಟಿಯ ಮೇಲೆಯೇ ಅಚ್ಚಾಗಿರುವ ಸಂಖ್ಯೆಯನ್ನು ಓದಿದ ಮೇಲೆಯೇ ತರಿಸಬೇಕು. ಪಟ್ಟಿ ಹಿಂದಿರುಗಿಸಿ, ಮುಚ್ಚಳವನ್ನು ನಾಲ್ಕು ಸ್ಕ್ರೂಗಳಲ್ಲಿ ಹಿಡಿಸಿ, ಟಿವಿಯನ್ನು ಸದ್ಯಕ್ಕೆ ಹಾಗೆಯೇ ನಿಲ್ಲಿಸಿದೆ.

ಹಂತ 2: ಕೇಳುವ ಟಿವಿ

ಈ ನಡುವಿನ ಸಂಜೆಗಳಲ್ಲಿ ಟಿವಿಯನ್ನು ಕೇಳಿದೆ. ಅರ್ಧ ನೋಡಿ ಮುಗಿಸಿದ್ದ ಧಾರಾವಾಹಿಯೊಂದರ ಮುಂದಿನ ಕಂತುಗಳು ಕಾದಿದ್ದವು, ಬಿಡಲು ಮನಸ್ಸಾಗಲಿಲ್ಲ.

ಸುದ್ದಿ ಚರ್ಚೆಯಲ್ಲಿ ಕಳೆದುಹೋದದ್ದು ಏನೂ ಇಲ್ಲ. ಪರದೆ ಕಪ್ಪಾಗಿದೆ ಎಂಬುದೇ ಮರೆತುಹೋಗುತ್ತಿತ್ತು. ಕ್ರಿಕೆಟ್ ಮಾತ್ರ ಅಸಾಧ್ಯ. ರೇಡಿಯೊ ವೀಕ್ಷಕ ವಿವರಣೆಕಾರ ಚೆಂಡು ಎಲ್ಲಿ ಬಿತ್ತು, ಯಾವ ಕಡೆ ಹೋಯಿತು, ಯಾರು ಓಡುತ್ತಿದ್ದಾರೆ ಎಂದು ಹೇಳುತ್ತಲೇ ಇರುತ್ತಾನೆ. ಕಣ್ಣಾಗುವುದೇ ಅವನ ಕೆಲಸ. ಟಿವಿಯವನು ನಾವು ನೋಡಿದ್ದೇವೆ ಎಂದುಕೊಂಡೇ ಮಾತಾಡುತ್ತಾನೆ. ಅವನು ಉದ್ಗಾರ ತೆಗೆಯುತ್ತಾನೆ, ಹಳೆಯ ಪಂದ್ಯವನ್ನು ನೆನೆಯುತ್ತಾನೆ, ಜನ ಹೋ ಎನ್ನುತ್ತಾರೆ. ಬೌಂಡರಿಯೋ ಔಟೋ ತಿಳಿಯಬೇಕಾದರೆ ಅಂಕಿ ಹೇಳುವವರೆಗೆ ಕಾಯಬೇಕು.

ಧಾರಾವಾಹಿಗಳ ನಡುವಿನ ವ್ಯತ್ಯಾಸ ಇನ್ನೂ ಕುತೂಹಲಕರವಾಗಿತ್ತು. ನಾನು ಬಹಳ ಮೆಚ್ಚಿಕೊಂಡಿದ್ದ ಒಂದು ಅಪರಾಧ ಕಥೆ ಚಿತ್ರವಿಲ್ಲದೆಯೂ ಸಂಪೂರ್ಣವಾಗಿ ಅರ್ಥವಾಯಿತು. ಪ್ರತಿಯೊಂದು ಸುಳಿವನ್ನೂ ಪಾತ್ರಗಳು ಬಾಯಿಬಿಟ್ಟು ಹೇಳುತ್ತಿದ್ದವು: ನಿನ್ನ ಕೈಯಲ್ಲಿ ಇರುವುದು ಏನು, ಆ ಕಾರು ಇಲ್ಲಿಗೆ ಏಕೆ ಬಂತು. ಕ್ಯಾಮೆರಾ ತೋರಿಸಿದ್ದನ್ನೇ ಸಂಭಾಷಣೆ ಮತ್ತೆ ಹೇಳುತ್ತಿತ್ತು. ಅದರ ಬಗ್ಗೆ ಇದ್ದ ಗೌರವ ನನಗೆ ನಿಜವಾಗಿಯೂ ಕಡಿಮೆಯಾಯಿತು. ಆದರೆ ನಿಧಾನಗತಿಯದು ಎಂದು ನಾನು ಬೇಸರಪಟ್ಟಿದ್ದ ಕುಟುಂಬದ ಕಥೆಯೊಂದರಲ್ಲಿ ದಾರಿಯೇ ತಪ್ಪಿಹೋಯಿತು. ಅಣ್ಣ ತಂಗಿ ಮನೆ ಮಾರುವ ಮಾತಾಡುತ್ತಿದ್ದಾರೆ, ಡ್ರಾಯರ್ ಎಳೆದ ಸದ್ದು, ದೀರ್ಘ ಮೌನ, ಎಲ್ಲೋ ಹೊರಗೆ ಗಾಡಿಯೊಂದು ಹೋಗುತ್ತದೆ, ಕೊನೆಗೆ ಅಣ್ಣ ಆಗಲಿ ಎನ್ನುತ್ತಾನೆ. ಅವನ ಮನಸ್ಸು ಬದಲಾದದ್ದು ಆ ಮೌನದಲ್ಲಿ. ಅಲ್ಲಿ ಏನಾಯಿತು ಎಂಬುದು ನನಗೆ ತಿಳಿಯಲಿಲ್ಲ. ತಂಗಿ ಪತ್ರ ತೆಗೆದಳೇ, ಹಣ ತೆಗೆದಳೇ ಎಂದು ಊಹಿಸುತ್ತ ಕುಳಿತೆ.

ಕೆಲವು ಸ್ಟ್ರೀಮಿಂಗ್ ಸೇವೆಗಳಲ್ಲಿ ದೃಷ್ಟಿ ಇಲ್ಲದವರಿಗಾಗಿ ದೃಶ್ಯ ವಿವರಣೆಯ ಧ್ವನಿಪಥ ಇರುತ್ತದೆ. ಭಾಷೆ ಆಯ್ಕೆ ಮಾಡುವ ಜಾಗದಲ್ಲಿಯೇ ಅದು ಸಿಗುತ್ತದೆ. ಪರದೆ ಕಾಣದ ಕಾರಣ ಮೆನುವನ್ನು ಟಾರ್ಚ್ ಬೆಳಕಿನಲ್ಲಿ ಹುಡುಕಿ, ಇದ್ದ ಕಾರ್ಯಕ್ರಮಗಳಲ್ಲಿ ಹಾಕಿಕೊಂಡೆ. ಸಂಭಾಷಣೆಯ ಸಂದಿನಲ್ಲಿ ಸಿಗುವ ಎರಡು ಮೂರು ಸೆಕೆಂಡುಗಳಲ್ಲಿ ಮುಖ್ಯವಾದದ್ದನ್ನಷ್ಟೇ ಹೇಳಬೇಕಾದ ಬರವಣಿಗೆ ಅದು. ಹಿಂದೆ ಕಣ್ಣಾರೆ ನೋಡಿದ್ದ ಕಂತಿನಲ್ಲಿಯೇ ನಾನು ಗಮನಿಸದೆ ಬಿಟ್ಟಿದ್ದ ಸಂಗತಿಗಳನ್ನು ಆ ಧ್ವನಿ ತೋರಿಸಿಕೊಟ್ಟಿತು. ಕಣ್ಣು ನೆಟ್ಟಗಿರುವವರೂ ಒಮ್ಮೆ ಅದನ್ನು ಹಾಕಿಕೊಂಡು ನೋಡಬೇಕು ಎಂದು ಒತ್ತಿ ಹೇಳುತ್ತೇನೆ.

ಹಂತ 3: ಹಾಳೆಗಳನ್ನು ಕ್ರಮಕ್ಕೆ ತಂದದ್ದು

ಇತ್ತ ಕಾದಂಬರಿ. ಡೆಮಿ 1/8 ಆಕಾರ (ಕಾದಂಬರಿಗಳ ಮಾಮೂಲಿ ಅಳತೆ), ಬೆನ್ನಿನ ದಪ್ಪ 34 ಮಿ.ಮೀ., ಹೊಲಿಗೆ ಇಲ್ಲ. ಹಾಳೆಗಳ ಬೆನ್ನಂಚನ್ನು ಕತ್ತರಿಸಿ ಬಿಸಿ ಅಂಟಿನಲ್ಲಿ ಮುಖಪುಟಕ್ಕೆ ಕೂಡಿಸಿದ ಪ್ರತಿ. ಆ ಅಂಟು ಹಳತಾದಂತೆ ಗಡುಸಾಗಿ ಬಿರಿಯುತ್ತದೆ. ಮುಖಪುಟವನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟೆ. ಹಿಂದೆ ಯಾರೋ ಕೆಲವು ಹಾಳೆಗಳಿಗೆ ಸೆಲ್ಲೊ ಟೇಪ್ ಹಚ್ಚಿದ್ದರು. ಟೇಪ್ ಉದುರಿಹೋಗಿ ಅದರ ಅಂಟು ಕಂದು ಪಟ್ಟಿಯಾಗಿ ಕಾಗದದೊಳಗೆ ಇಳಿದಿತ್ತು. ಅದನ್ನು ತೆಗೆಯಲು ಹೋಗಲಿಲ್ಲ. ಕಾಗದವೇ ಎದ್ದು ಬರುತ್ತಿತ್ತು.

ತೊಡಕು ಎದುರಾದದ್ದು ನಡುಭಾಗದಲ್ಲಿ. ಎಂದೋ ನೀರು ಕುಡಿದ ಕೆಳಅಂಚು ಪುಡಿಯಾಗಿ ಉದುರಿತ್ತು, ಪುಟಸಂಖ್ಯೆ ಇದ್ದದ್ದೂ ಅಲ್ಲಿಯೇ. ಆ ಭಾಗದ ಹಾಳೆಗಳು ನನ್ನ ಕೈಯಿಂದ ಜಾರಿ ಕಲಸಿಹೋದವು. ಸಂಖ್ಯೆ ಇಲ್ಲದ ಹಾಳೆಗಳನ್ನು ನೆಲದ ಮೇಲೆ ಹರಡಿ, ಓದಿಯೇ ಕ್ರಮಕ್ಕೆ ತರಬೇಕಾಯಿತು.

ಮೊದಲು ಸುಲಭದವು. ಬಹಳಷ್ಟು ಪುಟಗಳು ವಾಕ್ಯದ ನಡುವೆಯೇ ಮುಗಿಯುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕರ್ತೃ ಒಂದು ಪುಟದಲ್ಲಿ, ಕ್ರಿಯೆ ಇನ್ನೊಂದು ಪುಟದ ತಲೆಯಲ್ಲಿ ಉಳಿಯುತ್ತದೆ. ಒಂದು ಪುಟದ ಕೊನೆಗೆ ಅತ್ತಿಗೆ ಇದ್ದರೆ, ಸ್ತ್ರೀಲಿಂಗದ ಕ್ರಿಯಾಪದದಿಂದ ಆರಂಭವಾಗುವ ಹಾಳೆಗಳನ್ನಷ್ಟೇ ಹುಡುಕಿದರೆ ಸಾಕು. ಹೀಗೆ ಅರ್ಧಕ್ಕಿಂತ ಹೆಚ್ಚು ಹಾಳೆಗಳು ಬೇಗ ಕೂಡಿದವು.

ಕಷ್ಟವಾದದ್ದು ಪೂರ್ಣವಿರಾಮದಲ್ಲಿ ಮುಗಿಯುವ ಪುಟಗಳು. ಮೂರು ತಲೆಮಾರಿನ ಕಥೆ ಅದು, ಒಂದೇ ಜಮೀನಿನ ವ್ಯಾಜ್ಯ ಅಜ್ಜನ ಕಾಲದಲ್ಲಿಯೂ ಮೊಮ್ಮಗನ ಕಾಲದಲ್ಲಿಯೂ ಬರುತ್ತದೆ, ಹೆಸರುಗಳು ಮರುಕಳಿಸುತ್ತವೆ. ಈ ಮಾತು ಆಡುತ್ತಿರುವವನು ಅಜ್ಜನೋ ಅಜ್ಜನ ಹೆಸರು ಹೊತ್ತ ಮೊಮ್ಮಗನೋ ಎಂದು ತಿಳಿಯದೆ ಹಾಳೆ ಹಿಡಿದುಕೊಂಡು ಕುಳಿತಿದ್ದೇನೆ. ಆಗ ನೆರವಿಗೆ ಬಂದದ್ದು ಕಥೆಯ ಚಿಕ್ಕ ವಸ್ತುಗಳು. ಅಂಗಳದ ಬಾವಿಗೆ ಕಟ್ಟೆ ಇದೆಯೇ ಇಲ್ಲವೇ, ದೀಪ ಎಣ್ಣೆಯದೇ ವಿದ್ಯುತ್ತಿನದೇ, ದೊಡ್ಡಪ್ಪನ ಕೈಗೆ ಊರುಗೋಲು ಬಂದಿದೆಯೇ. ಲೇಖಕರು ಇವನ್ನು ಎಲ್ಲಿಯೂ ಒತ್ತಿ ಹೇಳಿಲ್ಲ, ದಾರಿಯಲ್ಲಿ ಇಟ್ಟು ಹೋಗಿದ್ದಾರೆ. ಮೊದಲ ಓದಿನಲ್ಲಿ ನಾನು ಇವುಗಳ ಮೇಲೆ ಕಣ್ಣಾಡಿಸಿ ಮುಂದೆ ಓಡಿದ್ದೆ. ಕಥೆ ಮುಂದೇನಾಗುತ್ತದೆ ಎಂಬ ಆತುರ. ಈಗ ಊರುಗೋಲೇ ಕಾಲಮಾಪಕವಾಯಿತು. ಇಡೀ ಮನೆತನ ಕುಸಿಯುವುದನ್ನು ಆ ಬಾವಿಕಟ್ಟೆಯ ಕಲ್ಲುಗಳಿಂದಲೇ ಹೇಳಿದ್ದಾರೆ ಎಂಬುದು ನೆಲದ ಮೇಲೆ ಮಂಡಿಯೂರಿ ಕುಳಿತಾಗ ಗೊತ್ತಾಯಿತು. ಒಂದು ಕಾದಂಬರಿಯನ್ನು ಇಷ್ಟು ಹತ್ತಿರದಿಂದ ನಾನು ಎಂದೂ ಓದಿರಲಿಲ್ಲ.

ಆದರೂ ಒಂದು ಹಾಳೆ ಎರಡು ಜಾಗಗಳಲ್ಲಿ ಸರಿಹೊಂದುತ್ತಿತ್ತು. ತಾಯಿ ಮಗನಿಗೆ ಬುದ್ಧಿ ಹೇಳುವ ಹಾಳೆ; ಜಗಳಕ್ಕೆ ಮೊದಲು ಇಟ್ಟರೆ ಎಚ್ಚರಿಕೆ, ಅನಂತರ ಇಟ್ಟರೆ ಸಮಾಧಾನ. ಅರ್ಥದ ಜಾಡು ಹಿಡಿದು ಇದನ್ನು ಬಿಡಿಸಲಾಗಲಿಲ್ಲ. ಕೊನೆಗೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೇಲಿನ ಮೂಲೆಯ ಹತ್ತಿರ ಹುಳು ಕೊರೆದ ಎಳ್ಳಿನ ಗಾತ್ರದ ತೂತು ಇತ್ತು. ಹುಳು ಒಂದು ಹಾಳೆಯಿಂದ ಮುಂದಿನ ಹಾಳೆಗೆ ನೇರ ಕೊರೆಯುತ್ತ ಹೋಗುವುದರಿಂದ ಪಕ್ಕಪಕ್ಕದ ಹಾಳೆಗಳಲ್ಲಿ ತೂತಿನ ಜಾಗ, ಆಕಾರ ಹೆಚ್ಚುಕಡಿಮೆ ಒಂದೇ. ಜಗಳದ ಮುಂಚಿನ ಹಾಳೆಗಳಲ್ಲಿ ತೂತು ದುಂಡಗೆ, ಅಂಚಿನಿಂದ 11 ಮಿ.ಮೀ. ಒಳಗೆ. ಜಗಳದ ನಂತರದವುಗಳಲ್ಲಿ ಅದು ಉದ್ದವಾಗಿ, 14 ಮಿ.ಮೀ.ಗೆ ಸರಿದಿತ್ತು. ಈ ಹಾಳೆಯದು ಉದ್ದನೆಯ ತೂತು, 14 ಮಿ.ಮೀ. ಹಾಗಾಗಿ ಅದು ಸಮಾಧಾನದ ಮಾತು. ನೀರಿನ ಕಲೆಯ ಗೆರೆಯೂ ಅಲ್ಲಿಯೇ ಕೂಡಿತು.

ಹಂತ 4: ಮೊದಲ ಅಂಟು ನಿಲ್ಲಲಿಲ್ಲ

ಹಾಳೆಗಳನ್ನು ಮೇಜಿಗೆ ತಟ್ಟಿ ಸಮ ಮಾಡಿ, ಎರಡು ಪ್ಲೈವುಡ್ ತುಂಡುಗಳ ನಡುವೆ ಬಿಗಿದು, ಬೆನ್ನಿನ ಮೇಲೆ ನೇರವಾಗಿ ಅಂಟು ಬಳಿದೆ. ಮರುದಿನ ನೋಡಲು ಅಚ್ಚುಕಟ್ಟಾಗಿತ್ತು. ನಡುವೆ ಬಿಡಿಸಿದೊಡನೆ ಎರಡು ಹಾಳೆಗಳು ಸಲೀಸಾಗಿ ಹೊರಬಂದವು. ಕಾರಣ ಸರಳ: ಬಿಗಿದ ಬೆನ್ನಿನ ಮೇಲೆ ಬಳಿದ ಅಂಟು ಪ್ರತಿ ಹಾಳೆಯ ತುದಿಯನ್ನು ಕೂದಲೆಳೆಯಷ್ಟೇ ಹಿಡಿಯುತ್ತದೆ. ಅದಕ್ಕೂ ಮಿಗಿಲಾಗಿ ಹಳೆಯ ಅಂಟಿನ ಪದರವನ್ನು ನಾನು ಪೂರ್ತಿ ಕೆರೆದಿರಲಿಲ್ಲ. ಹೊಸ ಅಂಟು ಕಾಗದಕ್ಕೆ ತಾಗದೆ ಹಳೆಯ ಅಂಟಿಗೆ ಹತ್ತಿಕೊಂಡಿತ್ತು. ಅಂಟು ಸುಲಭವಾಗಿ ಹರಡಲಿ ಎಂದು ನೀರು ಬೆರೆಸಿದ್ದೂ ಒಳಿತಾಗಲಿಲ್ಲ. ಮೊದಲ ಕೆಲವು ಹಾಳೆಗಳ ಒಳಅಂಚು ನೀರು ಹೀರಿ ಸುಕ್ಕಾಯಿತು, ಅದು ಈಗಲೂ ಹಾಗೆಯೇ ಇದೆ.

ಹಂತ 5: ಬೀಸಣಿಗೆ ಬಿಡಿಸಿ ಅಂಟು

ಜರ್ಮನಿಯ ಎಮಿಲ್ ಲುಂಬೆಕ್ ಅವರ ಹೆಸರಿನಿಂದ ಗುರುತಿಸುವ ವಿಧಾನ ಇದು. ಬೆನ್ನನ್ನು ಉಪ್ಪು ಕಾಗದದಿಂದ ತಿಕ್ಕಿ ಹಳೆಯ ಅಂಟು ಒಂದಿಷ್ಟೂ ಉಳಿಯದಂತೆ ಮಾಡಿದೆ. ತಿಕ್ಕಿದಾಗ ಕಾಗದದ ನಾರು ಎದ್ದು ಅಂಟು ಹಿಡಿಯಲು ಅನುಕೂಲವೂ ಆಗುತ್ತದೆ.

ಈ ಸಲ ಬೆನ್ನಿನಿಂದ ದೂರಕ್ಕೆ, ಹಾಳೆಗಳು ಬಾಗಲು ಜಾಗ ಬಿಟ್ಟು ಕ್ಲಾಂಪ್ ಹಾಕಿದೆ. ಬೆನ್ನಿನ ಕಡೆಯ ಹಾಳೆಗಳನ್ನು ಒಂದೇ ಪಕ್ಕಕ್ಕೆ ಬಾಗಿಸಿದರೆ ಬೀಸಣಿಗೆಯಂತೆ ಬಿಚ್ಚಿಕೊಂಡು ಒಂದೊಂದು ಹಾಳೆಯ ಅಂಚೂ ತುಸು ಹೊರಗೆ ಕಾಣುತ್ತದೆ. ಅದರ ಮೇಲೆ, ನೀರು ಬೆರೆಸದ ಅಂಟನ್ನು ತೆಳುವಾಗಿ, ನಡುವಿನಿಂದ ತುದಿಗಳ ಕಡೆಗೆ ಬಳಿಯಬೇಕು. ತಕ್ಷಣ ಎದುರು ಪಕ್ಕಕ್ಕೆ ಬಾಗಿಸಿ ಮತ್ತೆ ಬಳಿಯಬೇಕು. ಹಾಳೆಯ ಎರಡೂ ಮುಖಗಳ ಅಂಚಿಗೆ ಅಂಟು ಸಿಕ್ಕಿ, ಅಕ್ಕಪಕ್ಕದ ಹಾಳೆಗಳೂ ಪರಸ್ಪರ ಹಿಡಿದುಕೊಳ್ಳುತ್ತವೆ. ಬಾಗಿಸುವಾಗ ಕೈ ನಡುಗಿದರೆ ಸಾಲು ಓರೆಯಾಗುತ್ತದೆ.

ಬಳಿಕ ನೇರ ಮಾಡಿ, ಬೆನ್ನಿನ ಹತ್ತಿರವೇ ಬಿಗಿದು, ಹತ್ತಿ ಬಟ್ಟೆಯನ್ನು ಬೆನ್ನಿಗಿಂತ ಎರಡೂ ಕಡೆ 20 ಮಿ.ಮೀ. ಹೆಚ್ಚು ಅಗಲವಾಗಿ ಕತ್ತರಿಸಿ ಅಂಟಿಸಿದೆ. ಮೊದಲ ಹಾಗೂ ಕೊನೆಯ ಹಾಳೆಗೆ ಮೇಣದ ಕಾಗದ ಇಟ್ಟು ರಾತ್ರಿಯಿಡೀ ಒಣಗಲು ಬಿಟ್ಟೆ. ಮುಖಪುಟ ಅಂಟಿಸುವಾಗ ಬೆನ್ನಿನಿಂದ 7 ಮಿ.ಮೀ. ದೂರದಲ್ಲಿ ಅಳತೆಪಟ್ಟಿ ಇಟ್ಟು ಮಡಿಕೆಯ ಗೆರೆ ಎಳೆದೆ. ಮುಖಪುಟ ಮಡಚುವುದು ಅಲ್ಲಿ, ಬೆನ್ನಿನ ಮೂಲೆಯಲ್ಲಿ ಅಲ್ಲ. ಈಗ ಪುಸ್ತಕ ಮೇಜಿನ ಮೇಲೆ ತಾನಾಗಿಯೇ ಬಿಡಿಸಿಕೊಂಡು ಮಲಗುತ್ತದೆ. ಹೊಸದಾಗಿದ್ದಾಗಲೂ ಅದು ಹೀಗೆ ತೆರೆದಿರಲಾರದು. ಹಾಳೆ ಹಿಡಿದು ಎಳೆದು ನೋಡಿದೆ, ಒಂದೂ ಜಗ್ಗಲಿಲ್ಲ.

ಹಂತ 6: ಪ್ಯಾನೆಲ್ ಎತ್ತಿದ್ದು

ಇದು ಇಬ್ಬರ ಕೆಲಸ. ತಮ್ಮನನ್ನು ಕರೆದುಕೊಂಡೆ. ಟಿವಿಯನ್ನು ಹಾಸಿದ ಕಂಬಳಿಯ ಮೇಲೆ ಮಲಗಿಸಿ, ಅಂಚಿನ ಚೌಕಟ್ಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ ಬಿಡಿಸಿದೆವು. ಪ್ಯಾನೆಲ್ಲಿನ ಅಂಚಿನಿಂದ ಸಣ್ಣ ಬೋರ್ಡಿಗೆ ಹೋಗುವ ತೆಳು ಫಿಲ್ಮ್ ಪಟ್ಟಿಗಳೇ ಇಡೀ ಕೆಲಸದಲ್ಲಿ ಅತಿ ನಾಜೂಕಾದ ಭಾಗ. ಅವುಗಳಲ್ಲಿ ಒಂದು ಸೀಳಿದರೂ ಪರದೆಯ ಮೇಲೆ ಉದ್ದಗೆರೆಗಳು ಶಾಶ್ವತ. ಗಾಜಿನ ಜೊತೆಗೆ ಬೋರ್ಡೂ ಒಟ್ಟಿಗೆ ಮೇಲೇಳಬೇಕು, ಅದು ಜೋತಾಡಕೂಡದು.

ಗಾಜಿನ ಕೆಳಗೆ ಬೆಳಕನ್ನು ಹರಡುವ ಹಾಳೆಗಳು, ಅವುಗಳ ಕೆಳಗೆ ದಪ್ಪನೆಯ ಬಿಳಿ ಫಲಕ. ಪ್ರತಿ ಹಾಳೆಯ ಎಡ ಮೇಲ್ಮೂಲೆಗೆ ಟೇಪ್ ಹಚ್ಚಿ ಸಂಖ್ಯೆ ಬರೆದೆ. ಸಂಖ್ಯೆ ಇಲ್ಲದ ಹಾಳೆಗಳ ಪಾಡು ಏನೆಂದು ಕಾದಂಬರಿ ಕಲಿಸಿತ್ತು. ಒಳಗೆ ಮೂರು ಪಟ್ಟಿ, ಒಂದೊಂದರಲ್ಲಿ ಏಳು ಎಲ್‌ಇಡಿ. ಟೆಸ್ಟರನ್ನು ಪಟ್ಟಿಗೆ ಕೊಟ್ಟಾಗ ಎರಡು ಪಟ್ಟಿಗಳು ತಲಾ 21 ವೋಲ್ಟಿನ ಹತ್ತಿರ ಬೆಳಗಿದವು. ನಡುವಿನದು ಬೆಳಗಲಿಲ್ಲ. ಅದರ ಎಲ್‌ಇಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಾಗ ನಾಲ್ಕನೆಯದು ಸತ್ತಿತ್ತು. ಅದರ ಹಳದಿ ಮುಖದ ಮೇಲೆ ಸಾಸಿವೆಗಿಂತ ಚಿಕ್ಕದಾದ ಸುಟ್ಟ ಚುಕ್ಕೆ ಇತ್ತು.

ಆ ಒಂದನ್ನೇ ಬೆಸುಗೆ ಹಾಕಿ ಬದಲಿಸಬಹುದಲ್ಲ ಎಂದು ಪ್ರಯತ್ನಿಸಿದೆ. ಪಟ್ಟಿಯ ಅಲ್ಯೂಮಿನಿಯಂ ತಳ ಶಾಖವನ್ನೆಲ್ಲ ಹೀರಿಕೊಂಡಿತು, ಸಾಮಾನ್ಯ ಬೆಸುಗೆ ಕಡ್ಡಿಗೆ ಸೀಸ ಕರಗಲೇ ಇಲ್ಲ. ಅದಕ್ಕೆ ಕೆಳಗಿನಿಂದ ಕಾಯಿಸುವ ಬಿಸಿ ತಟ್ಟೆ ಬೇಕು. ಅಲ್ಲದೆ ಉಳಿದ ಎಲ್‌ಇಡಿಗಳೂ ಅಷ್ಟೇ ದುಡಿದಿವೆ, ಮುಂದಿನದು ಯಾವಾಗ ಹೋಗುತ್ತದೋ ಹೇಳಲಾಗದು. ಪಟ್ಟಿಯ ಮೇಲಿನ ಸಂಖ್ಯೆ ಬರೆದುಕೊಂಡು ಮೂರನ್ನೂ ಹೊಸದಾಗಿ ತರಿಸಿದೆ. ಹಳೆಯದೂ ಹೊಸದೂ ಬೆರೆತರೆ ಪರದೆಯಲ್ಲಿ ಹೊಳಪಿನ ಪಟ್ಟೆ ಕಾಣುತ್ತದೆ. ಕಾಯುವಷ್ಟು ದಿನವೂ ಬಿಚ್ಚಿದ ಹಾಳೆಗಳನ್ನು ಶುಭ್ರ ಬಟ್ಟೆಯಲ್ಲಿ ಮುಚ್ಚಿಟ್ಟಿದ್ದೆ.

ಹೊಸ ಪಟ್ಟಿ ಕೂರಿಸಿ, ಗಾಜು ಇಡುವ ಮೊದಲೇ ಟೆಸ್ಟರಿನಿಂದ ಬೆಳಗಿಸಿ ನೋಡಿದೆವು. ಈ ಹೆಜ್ಜೆಯನ್ನು ಬಿಡಬಾರದು. ಅಷ್ಟು ಎಚ್ಚರ ವಹಿಸಿದರೂ ಜೋಡಿಸಿ ಮುಗಿಸಿದ ಮೇಲೆ ಕೆಳಗಿನ ಎಡಭಾಗದಲ್ಲಿ ಧೂಳಿನ ಕಣವೊಂದು ಕಪ್ಪು ಚುಕ್ಕೆಯಾಗಿ ಕಂಡಿತು. ಅದಕ್ಕಾಗಿ ಪ್ಯಾನೆಲ್ ಮತ್ತೆ ಎತ್ತುವ ಅಪಾಯ ಬೇಡವೆಂದು ಬಿಟ್ಟಿದ್ದೇನೆ.

ಹಂತ 7: ಹೊಂದಿಕೆಗಳು, ಮತ್ತೆ ಅದೇ ಕಂತು

ಬ್ಯಾಕ್‌ಲೈಟ್ 100ರಲ್ಲಿತ್ತು, 55ಕ್ಕೆ ಇಳಿಸಿದೆ. ಎಲ್‌ಇಡಿಗಳು ಬೇಗ ಸಾಯಲು ಶಾಖವೇ ದೊಡ್ಡ ಕಾರಣ, ರಾತ್ರಿಯ ಕೋಣೆಗೆ ಈ ಬೆಳಕು ಧಾರಾಳ. ಚಲನೆಯನ್ನು ನಯಗೊಳಿಸುವ ಆಯ್ಕೆಯನ್ನೂ ತೆಗೆದುಹಾಕಿದೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ತೆಗೆದದ್ದು. ಟಿವಿ ನಡುವೆ ತನ್ನದೇ ಚಿತ್ರಗಳನ್ನು ತುರುಕಿದರೆ ಮುಖದ ಮೇಲಿನ ಸಣ್ಣ ಚಲನೆಗಳೂ ಜಾರಿದಂತೆ ಕಾಣುತ್ತವೆ.

ಮೊದಲು ಹಾಕಿದ್ದು ಅಣ್ಣ ತಂಗಿಯ ಆ ಕಂತನ್ನು. ಡ್ರಾಯರಿನಿಂದ ತಂಗಿ ತೆಗೆದದ್ದು ಪತ್ರವೂ ಅಲ್ಲ, ಹಣವೂ ಅಲ್ಲ. ಬೀಗದ ಕೈಗಳ ಗೊಂಚಲು. ಅದನ್ನು ಮೇಜಿನ ಮೇಲೆ ಇಡುತ್ತಾಳೆ, ಸದ್ದಾಗದಂತೆ ಅಂಗೈಯಿಂದ ಒತ್ತಿ ಹಿಡಿದು. ಅಷ್ಟು ಹೊತ್ತೂ ಕ್ಯಾಮೆರಾ ಅಣ್ಣನ ಮುಖದ ಮೇಲಿದೆ. ಆ ಗೊಂಚಲು ಕಾಣುವುದು ಚೌಕಟ್ಟಿನ ಅಂಚಿನಲ್ಲಿ, ಅರ್ಧ ಮಾತ್ರ. ಸದ್ದು ಬಾರದಿರುವುದು ಅವಳ ಎಚ್ಚರದಿಂದ ಎಂಬುದು ಕೇಳುವ ನನಗೆ ತಿಳಿಯುವಂತೆಯೇ ಇರಲಿಲ್ಲ. ನಿಧಾನ ಎಂದು ನಾನು ಬೇಸರಪಟ್ಟಿದ್ದ ಧಾರಾವಾಹಿ ಇದೇ. ಅದನ್ನು ಮೊದಲ ಕಂತಿನಿಂದ ಮತ್ತೆ ನೋಡುತ್ತಿದ್ದೇನೆ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು. ಆ ಅಪರಾಧ ಕಥೆಯ ಉಳಿದ ಭಾಗವನ್ನು ಮನೆಗೆಲಸದ ನಡುವೆ ಕೇಳಿ ಮುಗಿಸುತ್ತೇನೆ, ಅದಕ್ಕೆ ಅಷ್ಟು ಸಾಕು.

ಉಳಿದಿರುವ ಕೆಲಸ: ಕಾದಂಬರಿಯ ನಡುಭಾಗದ ಉದುರಿದ ಕೆಳಅಂಚಿಗೆ ತೆಳುವಾದ ಜಪಾನಿ ಕಾಗದ ಅಂಟಿಸಿ, ಒಣಗಿದ ಮೇಲೆ ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆಯಬೇಕು. ಹುಳುವಿನ ತೂತು ಇರುವ ಪ್ರತಿಯಾದ್ದರಿಂದ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಹೊಸದಾಗಿ ಪುಡಿ ಉದುರುವುದು ಕಂಡರೆ ಹುಳು ಇನ್ನೂ ಒಳಗಿದೆ ಎಂದು ತಿಳಿಯಬೇಕು. ಈವರೆಗೆ ಉದುರಿಲ್ಲ.